ನಾಲ್ವರು ಕೂತು ಒಂದು ಗಂಟೆ ನುಡಿಸಿಕೊಟ್ಟರೆ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಭಾನುವಾರದ ಪುಟಗಳಲ್ಲಿ ಹೊಸಬರ ಕವಿತೆ, ಕತೆಗಳಿಗೆ ಜಾಗ ಸಿಗುತ್ತದೆ. ಬರೆದದ್ದನ್ನು ಯಾರಿಗೆ ತೋರಿಸಬೇಕು, ತಿದ್ದಿಸಿಕೊಳ್ಳುವುದು ಹೇಗೆ ಎಂಬ ಚರ್ಚೆಯೂ ಆಗಾಗ ನಡೆಯುತ್ತದೆ. ಅಂಥ ಬರಹ ಓದಿದಾಗಲೆಲ್ಲ ಸ್ವರ ಬರೆಯುವವರ ಪಾಡನ್ನೂ ಒಮ್ಮೆ ಹೇಳಬೇಕು ಅನ್ನಿಸಿದ್ದುಂಟು. ಈ ಪತ್ರ ಅದಕ್ಕೆ. ಕೊಂಚ ಉದ್ದವಾಗಿದೆ, ಸಾಧ್ಯವಾದರೆ ಕತ್ತರಿಸದೆ ಪ್ರಕಟಿಸಿ ಎಂದು ಕೋರುತ್ತೇನೆ.

ನನಗೀಗ 52 ವರ್ಷ. ವೃತ್ತಿಯಲ್ಲಿ ಲೆಕ್ಕಪತ್ರ ನೋಡುವವಳು. ಒಂಬತ್ತನೇ ವಯಸ್ಸಿನಿಂದ ವಯಲಿನ್ ಕಲಿತೆ. ನಲವತ್ತು ದಾಟಿದ ಮೇಲೆ ಬರೆಯಲು ತೊಡಗಿದೆ. ಕಳೆದ ಎರಡು ವರ್ಷದಿಂದ ಸ್ಟ್ರಿಂಗ್ ಕ್ವಾರ್ಟೆಟ್‌ನ ಒಂದೇ ಒಂದು ಮೂವ್‌ಮೆಂಟಿನ, ಅಂದರೆ ಅದರ ಒಂದು ಭಾಗದ, ಹಿಂದೆ ಬಿದ್ದಿದ್ದೇನೆ. ಎರಡು ವಯಲಿನ್, ಒಂದು ವಿಯೋಲಾ, ಒಂದು ಚೆಲ್ಲೊ. ನಾಲ್ಕು ವಾದ್ಯ, ಹದಿನಾರು ತಂತಿ. ಕೀ, ಅಂದರೆ ಸಂಗೀತ ಮನೆ ಮಾಡಿಕೊಳ್ಳುವ ಸ್ವರಶ್ರೇಣಿ, ಡಿ ಮೈನರ್. ನಿಧಾನಗತಿಯ ಪೀಠಿಕೆಯೂ ಸೇರಿ 212 ಬಾರ್ (ತಾಳದ ಅಳತೆಯ ಒಂದೊಂದು ತುಂಡೂ ಒಂದು ಬಾರ್). ನುಡಿಸಿದರೆ ಎಂಟೂವರೆ ನಿಮಿಷ.

ಕವಿತೆ ಬರೆದವರು ಹಾಳೆಯನ್ನು ಗೆಳೆಯರ ಕೈಗಿತ್ತರೆ ಅವರು ನಿಂತಲ್ಲೇ ಓದಿ ಅನಿಸಿದ್ದು ಹೇಳಬಹುದು. ಕ್ವಾರ್ಟೆಟ್‌ನ ಸ್ಕೋರನ್ನು, ಅಂದರೆ ಬರೆದ ಸ್ವರಲಿಪಿಯನ್ನು, ಬರೀ ಕಣ್ಣಲ್ಲಿ ಓದಿ, ನಾಲ್ಕೂ ಸಾಲುಗಳನ್ನು ಒಟ್ಟಿಗೆ ಮನಸ್ಸಿನಲ್ಲೇ ಕೇಳಿಸಿಕೊಳ್ಳಬಲ್ಲವರು ಬಹಳ ಕಡಿಮೆ. ಹಾಗಾಗಿ ನಾವು ಕಂಪ್ಯೂಟರ್ ನುಡಿಸಿದ ಧ್ವನಿಯನ್ನು ಕಳಿಸುತ್ತೇವೆ. ನಾನೂ ಹನ್ನೊಂದು ಜನಕ್ಕೆ ಕಳಿಸಿದೆ. ಏಳು ಜನ "ತುಂಬಾ ಚೆನ್ನಾಗಿದೆ" ಎಂದರು. ಇಬ್ಬರಿಂದ ಉತ್ತರವಿಲ್ಲ. ಒಬ್ಬರು ಸಿನಿಮಾದ ಹಿನ್ನೆಲೆಗೆ ಹೊಂದುತ್ತದೆ ಎಂದರು. ಹನ್ನೊಂದನೆಯವರು ನಾನು ಬಹಳ ಗೌರವಿಸುವ ಹಿರಿಯ ರಚನಕಾರರು. "ಈ ಭಾಷೆ ಬ್ರಾಮ್ಸ್ ಕಾಲಕ್ಕೇ ಮುಗಿಯಿತು. ಇದರಲ್ಲಿ ಇನ್ನು ಹೇಳಲು ಏನೂ ಉಳಿದಿಲ್ಲ" ಎಂದು ಎರಡು ಸಾಲು ಬರೆದಿದ್ದರು. ಬ್ರಾಮ್ಸ್ ಎಂದರೆ ಹತ್ತೊಂಬತ್ತನೇ ಶತಮಾನದ ರಚನಕಾರರು.

"ಚೆನ್ನಾಗಿದೆ" ಎಂದವರ ಪ್ರೀತಿ ದೊಡ್ಡದು, ಅದಕ್ಕೆ ಋಣಿ. ಆದರೆ ಆ ಮಾತು ಹಿಡಿದುಕೊಂಡು ಯಾವ ಬಾರನ್ನು ತಿದ್ದಲಿ? ಹಿರಿಯರ ಮಾತು ಹಿಡಿದೂ ಯಾವ ಬಾರನ್ನೂ ತಿದ್ದುವಂತಿರಲಿಲ್ಲ. ಇಡೀ ಸ್ಕೋರನ್ನು ಎತ್ತಿ ಬೀರುವಿನಲ್ಲಿ ಇಡಬಹುದಿತ್ತು, ಅಷ್ಟೆ. ಇಟ್ಟೆ. ಐದು ತಿಂಗಳು ಹೊರಗೆ ತೆಗೆಯಲಿಲ್ಲ.

ಆ ಐದು ತಿಂಗಳು ನಾನು ಮತ್ತೆ ಮತ್ತೆ ಹಾಕಿ ಕೇಳಿದ್ದು ಫ್ಯಾನಿ ಹೆನ್ಸೆಲ್ ಅವರ ಇ ಫ್ಲಾಟ್ ಮೇಜರ್ ಕ್ವಾರ್ಟೆಟ್. ಈಕೆ ಹೆಸರಾಂತ ರಚನಕಾರ ಫೆಲಿಕ್ಸ್ ಮೆಂಡೆಲ್ಸನ್ ಅವರ ಅಕ್ಕ. 1834ರಲ್ಲಿ ಬರೆದದ್ದು. ಮೊದಲ ಮೂವ್‌ಮೆಂಟೇ ನಿಧಾನದ ಅಡಾಜಿಯೊ. ತನ್ನ ಕೀ ಯಾವುದೆಂದು ಬೇಗ ಬಿಟ್ಟುಕೊಡದೆ, ಸಿ ಮೈನರ್ ಕಡೆ ವಾಲುತ್ತಾ, ಹುಡುಕುತ್ತಾ ಸಾಗುತ್ತದೆ. ತಮ್ಮನಿಗೆ ಅದೇ ಹಿಡಿಸಲಿಲ್ಲ. ಕೀ ಒಂದು ಕಡೆ ನಿಲ್ಲುವುದಿಲ್ಲ, ರೂಪ ಸಡಿಲವಾಗಿದೆ ಎಂಬರ್ಥದ ಟೀಕೆಯನ್ನು 1835ರ ಆರಂಭದಲ್ಲಿ ಅಕ್ಕನಿಗೆ ಬರೆದರು. ವಿಚಾರಗಳನ್ನು ಉದ್ದಕ್ಕೂ ಹಿಡಿದು ನಡೆಸುವ ಶಕ್ತಿ ತನಗೆ ಸಾಲದು ಎಂಬ ಧಾಟಿಯಲ್ಲಿ ಫ್ಯಾನಿ ಉತ್ತರ ಕೊಟ್ಟರು. ಆಮೇಲೆ ಅವರು ಇನ್ನೊಂದು ಸ್ಟ್ರಿಂಗ್ ಕ್ವಾರ್ಟೆಟ್ ಬರೆಯಲಿಲ್ಲ. 1847ರಲ್ಲಿ ತೀರಿಕೊಂಡರು. ಇದ್ದ ಆ ಒಂದು ಕ್ವಾರ್ಟೆಟ್ ಅಚ್ಚಾದದ್ದು 1988ರಲ್ಲಿ.

ಫೆಲಿಕ್ಸ್ ಅವರದು ದ್ವೇಷದ ಮಾತಾಗಿರಲಿಲ್ಲ. ಅಕ್ಕನ ಮೇಲೆ ಅಪಾರ ಪ್ರೀತಿ ಇದ್ದವರು, ಕೆಲಸ ಬಲ್ಲವರು, ಓದಿಯೇ ಬರೆದವರು. ಅದಕ್ಕೇ ಈ ಪ್ರಸಂಗ ನನ್ನನ್ನು ಹೆಚ್ಚು ಕಾಡುತ್ತದೆ. ಅವರು ತಪ್ಪು ಎಂದು ತೋರಿಸಿದ ಆ ಅಲೆದಾಟವನ್ನೇ ನಾನು ಇವತ್ತು ಉಸಿರು ಬಿಗಿಹಿಡಿದು ಕೇಳುತ್ತೇನೆ. ಬಲ್ಲವರ ಒಂದು ಮಾತು ಎಷ್ಟು ದೂರ ಹೋಗಿ ಬೀಳುತ್ತದೆ ಎಂಬುದನ್ನು ಹಿರಿಯರು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ನನ್ನ ಸ್ಕೋರನ್ನು ಬೀರುವಿನಿಂದ ಹೊರಗೆ ತೆಗೆಸಿದವರು ಒಬ್ಬ ಚೆಲ್ಲೊ ವಾದಕಿ. ನಾನು ಮತ್ತೆ ಆ ಧ್ವನಿಯ ಫೈಲ್ ಕಳಿಸಲು ಹೋದಾಗ, "ಅದು ಬೇಡ. ಪಾರ್ಟ್‌ಗಳನ್ನು ಮುದ್ರಿಸಿ ತನ್ನಿ. ನಾವು ನಾಲ್ವರು ಶನಿವಾರ ಹೇಗೂ ಸೇರುತ್ತೇವೆ, ಒಂದು ಗಂಟೆ ನಿಮ್ಮದಕ್ಕೆ" ಎಂದರು. ಸ್ಕೋರ್ ಎಂದರೆ ನಾಲ್ಕೂ ಸಾಲು ಒಟ್ಟಿಗಿರುವ ಪ್ರತಿ, ಪಾರ್ಟ್ ಎಂದರೆ ಒಬ್ಬೊಬ್ಬರೂ ತಮ್ಮ ಮುಂದೆ ಇಟ್ಟುಕೊಳ್ಳುವ ತಮ್ಮ ಪಾಲಿನ ಹಾಳೆ. ಎರಡು ವರ್ಷದಲ್ಲಿ ನನಗೆ ಪಾರ್ಟ್ ಕೇಳಿದ ಮೊದಲಿಗರು ಅವರು.

ಆ ಒಂದು ಗಂಟೆಯನ್ನು ಸ್ವಲ್ಪ ವಿವರವಾಗಿ ಹೇಳಲು ಅವಕಾಶ ಕೊಡಿ.

ಸ್ಕೋರಿನ 43ನೇ ಬಾರ್‌ಗೆ ಬಂದಾಗ ಎರಡನೇ ವಯಲಿನ್‌ನ ಹುಡುಗ ಕಮಾನು ಇಳಿಸಿ, "ಮೇಡಂ, ಇದು ನುಡಿಸೋಕೆ ಬರಲ್ಲ" ಎಂದ. ಅವನ ಸಾಲಿನಲ್ಲಿ ಮಂದ್ರದ ಎ ಮತ್ತು ಅದರ ಮೇಲಿನ ಸಿ ಶಾರ್ಪ್, ಎರಡನ್ನೂ ಒಟ್ಟಿಗೆ ಹಿಡಿಯುವಂತೆ ಬರೆದಿದ್ದೆ. ವಯಲಿನ್ನಿನ ತಂತಿಗಳು ಕೆಳಗಿನಿಂದ ಜಿ, ಡಿ, ಎ, ಇ. ಬಿಡಿ ತಂತಿಯ ಡಿಗಿಂತ ಕೆಳಗಿನ ಯಾವ ಸ್ವರಕ್ಕೂ ಇರುವುದು ಜಿ ತಂತಿ ಒಂದೇ. ನಾನು ಬರೆದ ಎರಡೂ ಸ್ವರ ಅದೇ ತಂತಿಯ ಮೇಲೆ ಬೀಳುತ್ತವೆ. ಒಂದೇ ತಂತಿಯಲ್ಲಿ ಏಕಕಾಲಕ್ಕೆ ಎರಡು ಸ್ವರ ಎಲ್ಲಿಂದ ಬರಬೇಕು? ನಲವತ್ತು ವರ್ಷ ವಯಲಿನ್ ಹಿಡಿದ ಕೈ ನನ್ನದು. ಆದರೆ ಬರೆಯುವಾಗ ನನ್ನ ಮುಂದೆ ಇದ್ದದ್ದು ಕೀಬೋರ್ಡ್ ಮತ್ತು ಪರದೆ. ಕಂಪ್ಯೂಟರ್ ಒಂದು ಮಾತೂ ಆಡದೆ ಅದನ್ನು ನುಡಿಸಿತ್ತು, ಹನ್ನೊಂದು ಜನ ಕೇಳಿದ್ದರು. ಸಿ ಶಾರ್ಪನ್ನು ವಿಯೋಲಾಗೆ ದಾಟಿಸಿದೆವು. ಎರಡು ನಿಮಿಷದಲ್ಲಿ ಸರಿಹೋಯಿತು, ಸ್ವರಮೇಳ ಇನ್ನಷ್ಟು ತಿಳಿಯಾಯಿತು.

ಪೀಠಿಕೆಯಲ್ಲಿ ನಾಲ್ಕು ಬಾರಿನ ಮೇಲೆ ಒಂದೇ ಉದ್ದನೆಯ ಕಮಾನುಗೆರೆ ಎಳೆದಿದ್ದೆ, ಕೆಳಗೆ ಫೋರ್ಟಿಸ್ಸಿಮೊ, ಅಂದರೆ ಬಹಳ ಜೋರಾಗಿ. ಚೆಲ್ಲೊ ವಾದಕಿ ಪೆನ್ಸಿಲ್ ಎತ್ತಿಕೊಂಡು ಕೇಳಿದರು: "ಇದು ಕಮಾನಿನ ಗೆರೆಯೋ, ಭಾವದ ಗೆರೆಯೋ?" ತಂತಿವಾದ್ಯದವರಿಗೆ ಆ ಗೆರೆಯ ಅರ್ಥ, ಇಷ್ಟೂ ಸ್ವರಗಳನ್ನು ಕಮಾನು ತಿರುಗಿಸದೆ ಒಂದೇ ಎಳೆತದಲ್ಲಿ ನುಡಿಸಬೇಕು ಎಂದು. ಆ ನಿಧಾನದಲ್ಲಿ, ಆ ಜೋರಿನಲ್ಲಿ ಒಂದೇ ಎಳೆತಕ್ಕೆ ಅಷ್ಟು ಉದ್ದದ ಕಮಾನು ಯಾರ ಕೈಯಲ್ಲೂ ಇಲ್ಲ. ನಾನು ಹೇಳಲು ಬಯಸಿದ್ದು ಇವೆಲ್ಲ ಒಂದು ವಾಕ್ಯ, ಮಧ್ಯೆ ತುಂಡಾಗಬಾರದು ಎಂದು. ಎರಡಕ್ಕೂ ಒಂದೇ ಗುರುತು ಬಳಸಿದರೆ ನುಡಿಸುವವರು ಏನೆಂದು ಓದಿಕೊಳ್ಳಬೇಕು? ಈ ಒಂದು ಪ್ರಶ್ನೆ ನನ್ನ ಇಡೀ ಸ್ಕೋರಿನ ಗೆರೆಗಳನ್ನೆಲ್ಲ ಅಳಿಸಿ ಮತ್ತೆ ಹಾಕುವಂತೆ ಮಾಡಿತು. ಹದಿನೇಳು ದಿನ ಹಿಡಿಯಿತು.

ಚೆಲ್ಲೊ ಪಾರ್ಟಿನಲ್ಲಿ ಪುಟ ಮುಗಿಯುವುದು ಓಟದ ಸ್ವರಗಳ ನಡುವೆ ಇತ್ತು. ಹಾಳೆ ತಿರುವಲು ಕೈ ಬಿಡುವಿಲ್ಲ. ಇದು ಸಣ್ಣ ವಿಷಯ, ಅವತ್ತೇ ಸರಿಪಡಿಸಿದೆ.

ವಿಯೋಲಾದ್ದು ಸಣ್ಣ ವಿಷಯ ಆಗಿರಲಿಲ್ಲ. 61ನೇ ಬಾರಿನಿಂದ ಎರಡನೇ ಥೀಮ್, ಅಂದರೆ ಎರಡನೇ ಮುಖ್ಯ ಸ್ವರಸಾಲು, ಶುರು. ಅದನ್ನು ನಾನು ಪ್ರೀತಿಯಿಂದ ವಿಯೋಲಾಗೆ ಕೊಟ್ಟಿದ್ದೆ. ಮೇಲೆ ಎರಡು ವಯಲಿನ್‌ಗಳು ಜೋಡಿ ಸ್ವರ ಹಿಡಿದಿದ್ದವು, ಕೆಳಗೆ ಚೆಲ್ಲೊ ಬಿಡಿಸಿದ ಸ್ವರಮೇಳದಲ್ಲಿ ಓಡುತ್ತಿತ್ತು. ಎಲ್ಲರಿಗೂ ಮೆಜೊ ಫೋರ್ಟೆ, ಅಂದರೆ ಸಾಧಾರಣ ಜೋರು. ಮನೆಯಲ್ಲಿ ಸಾಫ್ಟ್‌ವೇರ್‌ನಲ್ಲಿ ವಿಯೋಲಾದ ಧ್ವನಿಯನ್ನು ಸ್ವಲ್ಪ ಏರಿಸಿಕೊಂಡಿದ್ದೆ, ಸೊಗಸಾಗಿ ಕೇಳಿಸುತ್ತಿತ್ತು. ಆ ಕೋಣೆಯಲ್ಲಿ ನಾಲ್ವರೂ ನುಡಿಸುತ್ತಿದ್ದಾರೆ, ವಿಯೋಲಾದವರ ಕಮಾನು ತಂತಿಯ ಮೇಲೆ ಹೋಗಿಬರುತ್ತಿರುವುದು ಕಣ್ಣಿಗೆ ಕಾಣುತ್ತಿದೆ, ನನ್ನ ಥೀಮ್ ಮಾತ್ರ ಕಿವಿಗೆ ಬೀಳುತ್ತಿಲ್ಲ. ಹದಿನೆಂಟು ಬಾರ್ ಕಳೆದ ಮೇಲೆ ಅವರು ನಿಲ್ಲಿಸಿ ಮೆಲ್ಲಗೆ ಹೇಳಿದರು: "ನಾನು ಏನು ಹೇಳ್ತಾ ಇದ್ದೀನಿ ಅಂತ ನನಗೇ ಕೇಳಿಸ್ತಿಲ್ಲ."

ಇದಕ್ಕೆ ಕಾರಣ ಆ ವಾದ್ಯದ ಮೈಕಟ್ಟಿನಲ್ಲೇ ಇದೆ. ವಯಲಿನ್ನಿನ ಒಡಲಿನ ಉದ್ದ ಸುಮಾರು 35.5 ಸೆಂಟಿಮೀಟರ್. ವಿಯೋಲಾದ ಶ್ರುತಿ ಅದಕ್ಕಿಂತ ಒಂದು ಪಂಚಮದಷ್ಟು ಕೆಳಗೆ. ಆ ಲೆಕ್ಕಕ್ಕೆ ಒಡಲು ಒಂದೂವರೆ ಪಟ್ಟು, ಅಂದರೆ 53 ಸೆಂಟಿಮೀಟರ್ ಇರಬೇಕಿತ್ತು. ಅಷ್ಟು ದೊಡ್ಡದನ್ನು ಭುಜದ ಮೇಲಿಟ್ಟು ನುಡಿಸುವುದು ಹೇಗೆ? ಹಾಗಾಗಿ ಸಾಮಾನ್ಯವಾಗಿ 40ರ ಆಸುಪಾಸಿನಲ್ಲೇ ಮಾಡುತ್ತಾರೆ. ವಿಯೋಲಾದ ಆ ಮುಸುಕಿದ, ಒಳಗೊಳಗೇ ಮಾತಾಡುವ ಧ್ವನಿ ಬಂದದ್ದು ಈ ರಾಜಿಯಿಂದ. ನನಗೆ ಅದು ನಾಲ್ಕರಲ್ಲೂ ಅತಿ ಪ್ರಿಯವಾದ ಧ್ವನಿ. ಆದರೆ ಅದಕ್ಕೆ ಸುತ್ತಲಿನವರು ಜಾಗ ಬಿಡಬೇಕು. ಕಂಪ್ಯೂಟರ್ ಎಲ್ಲರಿಗೂ ಸಮನಾಗಿ ಹಂಚಿಕೊಟ್ಟ ಜಾಗವನ್ನು ನಾನು ನಿಜವೆಂದು ನಂಬಿದ್ದೆ.

ಮನೆಗೆ ಬಂದು ಎರಡನೇ ವಯಲಿನ್ನನ್ನು ಆರು ಬಾರ್ ಪೂರ್ತಿ ಸುಮ್ಮನಿರಿಸಿದೆ. ಮೊದಲ ವಯಲಿನ್‌ಗೆ ಮೇಲೆ ಒಂದೇ ಒಂದು ತೆಳು ಸ್ವರ. ಚೆಲ್ಲೊ ಕಮಾನು ಬಿಟ್ಟು ಬೆರಳಲ್ಲಿ ಮೀಟುವಂತೆ, ಪಿಜಿಕಾಟೊ. ಬರೆದು ಮುಗಿಸಿ ನೋಡಿದರೆ ಹಾಳೆಯೇ ಹಗುರಾಗಿತ್ತು. ನಾಲ್ವರಿದ್ದಾರೆ ಎಂದು ನಾಲ್ವರಿಗೂ ಸದಾ ಕೆಲಸ ಕೊಡುತ್ತಿದ್ದೆ ಎಂಬುದು ಆಗ ತಿಳಿಯಿತು. ಮೊದಲ ಪ್ರತಿಯ 212 ಬಾರಿನಲ್ಲಿ ಯಾರಾದರೂ ಒಬ್ಬರು ಪೂರ್ತಿ ಬಾರ್ ಸುಮ್ಮನಿದ್ದದ್ದು ಒಂಬತ್ತು ಕಡೆ ಮಾತ್ರ. ಎಣಿಸಿದೆ.

ಆದರೆ ಅವತ್ತಿನ ಅತಿ ದೊಡ್ಡ ಮಾತು ಬಂದದ್ದು ಎಲ್ಲ ಮುಗಿದು ವಾದ್ಯಗಳನ್ನು ಪೆಟ್ಟಿಗೆಗೆ ಇಡುವಾಗ. 138ನೇ ಬಾರಿನಲ್ಲಿ ಮೊದಲ ಥೀಮ್ ಡಿ ಮೈನರ್‌ಗೆ ಮರಳುತ್ತದೆ. ಊರೂರು ಸುತ್ತಿದ ಸಂಗೀತ ಮನೆಗೆ ಬರುವ ಜಾಗ ಅದು, ಇಡೀ ಮೂವ್‌ಮೆಂಟ್ ನಿಂತಿರುವುದೇ ಆ ಬಾರಿನ ಮೇಲೆ. ಚೆಲ್ಲೊ ವಾದಕಿ ಕಮಾನಿನ ಕೂದಲು ಸಡಿಲಿಸುತ್ತಾ, "ಮನೆಗೆ ಬಂದದ್ದು ನನಗೆ ಗೊತ್ತೇ ಆಗಲಿಲ್ಲ ನೋಡಿ. ಹತ್ತು ಬಾರ್ ಆದಮೇಲೆ, ಓ, ಬಂದುಬಿಟ್ಟಿದ್ದೇವೆ ಅಂದುಕೊಂಡೆ" ಎಂದರು. ಉಳಿದ ಮೂವರೂ ಹೌದೆಂದು ತಲೆಯಾಡಿಸಿದರು. ಮೊದಲ ವಯಲಿನ್‌ನವರು ಪರಿಹಾರವನ್ನೂ ಸೂಚಿಸಿದರು: ಅಲ್ಲಿ ಫೋರ್ಟಿಸ್ಸಿಮೊ ಹಾಕಿ, ಜೋರಾಗಿ ಬರಲಿ.

ಹಾಕಿ ನೋಡಿದೆ. ಜೋರಾಯಿತು, ಬಂದಂತೆ ಆಗಲಿಲ್ಲ. ಮೂರು ದಿನ ಹಿಂದಿನ ಪುಟಗಳನ್ನು ಒಂದೊಂದೇ ಬಾರ್ ನೋಡುತ್ತಾ ಹೋದಾಗ ಕಾರಣ ಸಿಕ್ಕಿತು. ನಡುವಿನ ಅಲೆದಾಟದ ಭಾಗದಲ್ಲಿ, 104ರಲ್ಲಿ ಒಮ್ಮೆ, 121ರಲ್ಲಿ ಇನ್ನೊಮ್ಮೆ, ನಾನು ಆಗಲೇ ಡಿ ಮೈನರ್‌ಗೆ ಬಂದು ಕೂತಿದ್ದೆ. ಎರಡು ಸಲ ಬಂದು ಹೋದ ಮನೆಗೆ ಮೂರನೇ ಸಲ ಬಂದರೆ ಬಾಗಿಲು ತೆಗೆಯುವ ಸಂಭ್ರಮ ಎಲ್ಲಿಂದ ಬರಬೇಕು? ಆ ಎರಡೂ ಕಡೆ ಡಿ ಮೈನರನ್ನು ತೆಗೆದು ದಾರಿಯನ್ನು ಬೇರೆಡೆಗೆ ತಿರುಗಿಸಿದೆ. ಮರಳುವ ಮುನ್ನ ಚೆಲ್ಲೊದ ಕೈಯಲ್ಲಿ ಎ ಸ್ವರವನ್ನು ಆರು ಬಾರ್ ಹೆಚ್ಚು ಹಿಡಿದು ನಿಲ್ಲಿಸಿದೆ, ಕಾಯುವಂತೆ. ಫೋರ್ಟಿಸ್ಸಿಮೊ ತೆಗೆದು ಪಿಯಾನೊ, ಅಂದರೆ ಮೆಲ್ಲಗೆ ಎಂದು ಬರೆದೆ.

ಇದನ್ನು ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣವಿದೆ. ಆ ಇಬ್ಬರಲ್ಲಿ ಒಬ್ಬರು ತಮಗೆ ಏನಾಯಿತು ಎಂದು ಹೇಳಿದರು, ಇನ್ನೊಬ್ಬರು ನಾನು ಏನು ಮಾಡಬೇಕು ಎಂದು ಹೇಳಿದರು. ಮೊದಲನೆಯದು ನೂರಕ್ಕೆ ನೂರು ನಿಜ, ಅದನ್ನು ಅಲ್ಲಗಳೆಯುವ ಹಕ್ಕು ನನಗಿಲ್ಲ, ಏಕೆಂದರೆ ಕೇಳಿದ ಕಿವಿ ಅವರದು. ಎರಡನೆಯದು ಒಂದು ಊಹೆ. ಹೊಟ್ಟೆನೋವು ಎಂದವರ ನೋವನ್ನು ನಂಬಲೇಬೇಕು, ಮದ್ದು ಯಾವುದೆಂದು ಹುಡುಕುವುದು ಬೇರೆ ಕೆಲಸ. ಅಭಿಪ್ರಾಯ ಕೇಳಿ ಬಂದವರಿಗೆ "62ರಿಂದ 70ರವರೆಗೆ ನನ್ನ ಗಮನ ಬೇರೆಡೆ ಹೋಯಿತು" ಎಂದರೂ ಸಾಕು. ಅಷ್ಟು ಹೇಳಲು ಪಾಂಡಿತ್ಯ ಬೇಡ.

ಕೇಳುವ ನಮಗೂ ಜವಾಬ್ದಾರಿ ಇದೆ, ಅದನ್ನೂ ಒಪ್ಪಿಕೊಳ್ಳುತ್ತೇನೆ. "ಹೇಗಿದೆ?" ಎಂದು ಕೇಳಿದವರಿಗೆ "ಚೆನ್ನಾಗಿದೆ" ಎಂದಲ್ಲದೆ ಇನ್ನೇನು ಹೇಳಲಾಗುತ್ತದೆ? ಈಗ ನಾನು ಸ್ಕೋರಿನ ಜೊತೆ ಮೂರು ಪ್ರಶ್ನೆ ಇಡುತ್ತೇನೆ. ಈ ಸಲದವು: 61ರಿಂದ ಥೀಮ್ ಯಾರ ಕೈಯಲ್ಲಿದೆ ಎಂದು ಕೇಳಿಸುತ್ತದೆಯೇ? ಎಲ್ಲಾದರೂ ಕೈ ನೋಯುತ್ತದೆಯೇ? ಎಲ್ಲಿ ಮುಗಿಯಿತು ಅಂದುಕೊಂಡಿರಿ? ಮೂರನೆಯದಕ್ಕೆ ಬರುವ ಉತ್ತರಗಳು ಎಷ್ಟು ಉಪಯೋಗಕ್ಕೆ ಬರುತ್ತವೆ ಎಂದರೆ, ಬರೆಯುವ ಎಲ್ಲರಿಗೂ ಅದನ್ನು ಕೇಳಿ ನೋಡಿ ಎನ್ನುತ್ತೇನೆ.

ದೊಡ್ಡವರಿಗೂ ಇದು ಬೇಕಾಗಿತ್ತು. ಬೀಥೋವನ್ ತಮ್ಮ ಓಪಸ್ 18ರ, ಅಂದರೆ 18ನೇ ಕೃತಿಸಂಖ್ಯೆಯ, ಮೊದಲ ಕ್ವಾರ್ಟೆಟ್ಟಿನ ಪ್ರತಿಯನ್ನು 1799ರಲ್ಲಿ ಗೆಳೆಯ ಕಾರ್ಲ್ ಅಮೆಂಡಾಗೆ ಕೊಟ್ಟಿದ್ದರು. ಎರಡು ವರ್ಷದ ಮೇಲೆ, 1801ರಲ್ಲಿ, ಆ ಪ್ರತಿಯನ್ನು ಯಾರಿಗೂ ಕೊಡಬೇಡ, ಬಹಳ ಬದಲಾಯಿಸಿದ್ದೇನೆ, ಕ್ವಾರ್ಟೆಟ್ ಬರೆಯುವುದು ಹೇಗೆಂದು ಈಗಷ್ಟೇ ತಿಳಿಯಿತು ಎಂಬರ್ಥದಲ್ಲಿ ಪತ್ರ ಬರೆದರು. ಎರಡೂ ಪ್ರತಿ ಉಳಿದಿವೆ. ಪಕ್ಕಪಕ್ಕ ಇಟ್ಟುಕೊಂಡು ನೋಡಿದರೆ, ಶುರುವಿನ ಆ ಪುಟ್ಟ ಸ್ವರಗುಚ್ಛ ಮೊದಲ ಪ್ರತಿಯಲ್ಲಿ ಎಲ್ಲೆಂದರಲ್ಲಿ ಬರುತ್ತದೆ, ಎರಡನೆಯದರಲ್ಲಿ ಎಷ್ಟೋ ಕಡೆ ಅದನ್ನು ಕಿತ್ತುಹಾಕಿದ್ದಾರೆ. ಮೊಜಾರ್ಟ್ ಹೇಡನ್‌ಗೆ ಅರ್ಪಿಸಿದ ಆರು ಕ್ವಾರ್ಟೆಟ್‌ಗಳು 1782ರ ಕೊನೆಯಿಂದ 1785ರ ಜನವರಿವರೆಗೆ ಬರೆದವು. ಹಸ್ತಪ್ರತಿಯ ತುಂಬ ತಿದ್ದುಪಡಿ. ಅರ್ಪಣೆಯಲ್ಲಿ ಅವರೇ ಇವನ್ನು ದೀರ್ಘವಾದ, ಶ್ರಮದ ದುಡಿಮೆಯ ಫಲ ಎಂದು ಕರೆದಿದ್ದಾರೆ. ಅಚ್ಚಿಗೆ ಹೋಗುವ ಮುಂಚೆ, ಅದೇ ವರ್ಷದ ಫೆಬ್ರವರಿ 12ರಂದು, ವಿಯೆನ್ನಾದ ಅವರ ಮನೆಯಲ್ಲಿ ಅವುಗಳಲ್ಲಿ ಮೂರನ್ನು ಹೇಡನ್ ಎದುರು ನುಡಿಸಿದರು. ಕ್ವಾರ್ಟೆಟ್ ಎಂಬ ಪ್ರಕಾರವನ್ನೇ ಬೆಳೆಸಿದ ಹಿರಿಯರು ಎದುರಿಗೆ ಕೂತು ಕೇಳಿದರು. ಎಂಥ ಭಾಗ್ಯ!

ಬ್ರಾಮ್ಸ್ ಅವರ ಓಪಸ್ 51ರ ಎರಡು ಕ್ವಾರ್ಟೆಟ್‌ಗಳು ಅಚ್ಚಾದದ್ದು 1873ರಲ್ಲಿ, ಆಗ ಅವರಿಗೆ ನಲವತ್ತು. ಅದಕ್ಕೂ ಮುಂಚೆ ಸುಮಾರು ಇಪ್ಪತ್ತನ್ನು ಬರೆದು ನಾಶ ಮಾಡಿದ್ದಾಗಿ ಹೇಳಿಕೊಂಡಿದ್ದರಂತೆ. ಆ ಮಾತನ್ನು ಜನ ಮೆಚ್ಚಿಗೆಯಿಂದ ಹೇಳುತ್ತಾರೆ. ನನಗೆ ಮಾತ್ರ ಸಂಕಟವಾಗುತ್ತದೆ. ಆ ಇಪ್ಪತ್ತರಲ್ಲಿ ಎಷ್ಟು ವಿಯೋಲಾ ಥೀಮ್‌ಗಳಿದ್ದವೋ.

ಆದ್ದರಿಂದ ನಿಮ್ಮ ಪತ್ರಿಕೆಯ ಮೂಲಕ ನನ್ನ ಕೋರಿಕೆ ಇದು. ತಂತಿವಾದ್ಯ ನುಡಿಸುವವರೇ, ನೀವು ನಾಲ್ವರು ಅಭ್ಯಾಸಕ್ಕೆ ಸೇರುವಾಗ ತಿಂಗಳಿಗೆ ಒಂದು ಗಂಟೆಯನ್ನು ಇನ್ನೂ ಮುಗಿಯದ, ಅಚ್ಚಾಗದ ಯಾವುದಾದರೂ ಒಂದು ಮೂವ್‌ಮೆಂಟಿಗೆ ಎತ್ತಿಡಿ. ಅಭ್ಯಾಸ ಮಾಡಿ ಬರುವುದು ಬೇಡ, ನೋಡಿದಂತೆಯೇ ನುಡಿಸಿ, ತಪ್ಪಿದರೆ ತಪ್ಪಲಿ. ನೀವು ಎಲ್ಲಿ ತಪ್ಪಿದಿರಿ ಎಂಬುದೂ ಬರೆದವರಿಗೆ ಒಂದು ಸುದ್ದಿ. ಬರೆದವರು ಅಲ್ಲೇ ಕೂತು ಕೇಳಲಿ. ನೀವು ಪೆನ್ಸಿಲ್‌ನಲ್ಲಿ ಗುರುತು ಹಾಕಿದ ಪಾರ್ಟ್‌ಗಳನ್ನು ಅವರಿಗೆ ಹಿಂದಿರುಗಿಸಿ. ನನ್ನ ಬಳಿ ಆ ಶನಿವಾರದ ನಾಲ್ಕು ಪಾರ್ಟ್‌ಗಳಿವೆ. ವಿಯೋಲಾದವರು 61ನೇ ಬಾರಿನ ಮೇಲೆ ಒಂದು ಪುಟ್ಟ ಕಿವಿಯ ಚಿತ್ರ ಬರೆದು ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ. ಎರಡು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಯಾರಾದರೂ ಬರೆದುಕೊಟ್ಟದ್ದರಲ್ಲಿ ನಾನು ಜೋಪಾನವಾಗಿ ಇಟ್ಟುಕೊಂಡಿರುವುದು ಅದನ್ನು.

ಕಲಾವಿಮರ್ಶೆ ಬರೆಯುವವರಲ್ಲೂ ಒಂದು ವಿನಂತಿ. ಹೊಸ ರಚನೆಯೊಂದನ್ನು ಕೇಳಿ ಬಂದಾಗ "ಮನಸೂರೆಗೊಂಡಿತು" ಎಂಬಲ್ಲಿಗೆ ನಿಲ್ಲಿಸಬೇಡಿ. ಯಾವ ಗಳಿಗೆಯಲ್ಲಿ ಮನಸ್ಸು ಹೋಯಿತು, ಯಾವಾಗ ಕುರ್ಚಿಯಲ್ಲಿ ಮಿಸುಕಾಡಿದಿರಿ, ಅದನ್ನು ಬರೆಯಿರಿ. ಬರೆದವರು ಆ ಒಂದು ವಾಕ್ಯವನ್ನು ಹಿಡಿದುಕೊಂಡು ತಿಂಗಳುಗಟ್ಟಲೆ ಕೆಲಸ ಮಾಡಬಲ್ಲರು.

ಮುಂದಿನ ಶನಿವಾರ ನನ್ನ ಮೂವ್‌ಮೆಂಟಿನ ಎರಡನೇ ಓದು, ಅದೇ ನಾಲ್ವರಿಂದ. ಹೊಸ ಪಾರ್ಟ್‌ಗಳನ್ನು ಮುದ್ರಿಸಿ, ಚೆಲ್ಲೊದ ಪುಟ ತಿರುವುವ ಜಾಗವನ್ನು ಎರಡು ಸಲ ನೋಡಿ, ಅಂಟಿಸಿ ಇಟ್ಟಿದ್ದೇನೆ. ಸೇರಿಸಿದ ಆರು ಬಾರಿನಿಂದಾಗಿ 138 ಈಗ 144 ಆಗಿದೆ. ಅಲ್ಲಿ ಆ ಪಿಯಾನೊ ಬಿಟ್ಟರೆ ಬೇರೆ ಯಾವ ಗುರುತೂ ಹಾಕಿಲ್ಲ, ಅವರಿಗೆ ಏನೂ ಹೇಳುವುದೂ ಇಲ್ಲ. ಆ ಬಾರ್ ಬಂದಾಗ ಚೆಲ್ಲೊ ವಾದಕಿಯ ಮುಖ ನೋಡುತ್ತಾ ಕೂರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿಮ್ಮ ಪತ್ರಿಕೆಯ ಹಳೆಯ ಓದುಗರಲ್ಲೊಬ್ಬಳು